ಹಬೆಯಲ್ಲಿ ಬೇಯಿಸಿದ ಇಡೀ ಮೀನು ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ಹಬೆಯಲ್ಲಿ ಮೀನು ಬೇಯಿಸುವುದರಲ್ಲಿ ಕೆಲಸ ಕಡಿಮೆ, ತಪ್ಪು ಮುಚ್ಚಿಡುವ ಅವಕಾಶ ಅದಕ್ಕಿಂತ ಕಡಿಮೆ. ಹುರಿದ ಮೀನಿನ ದೋಷವನ್ನು ಗರಿಗರಿಯಾದ ಹೊರಪದರ ಮರೆಸುತ್ತದೆ. ಮಸಾಲೆಯಲ್ಲಿ ಕುದಿದ ಮೀನಿನ ದೋಷವನ್ನು ಖಾರ, ಹುಳಿ ಮರೆಸುತ್ತವೆ. ಹಬೆಯಲ್ಲಿ ಬೆಂದ ಮೀನಿನ ಜೊತೆಗಿರುವುದು ಶುಂಠಿ, ಈರುಳ್ಳಿ ಸೊಪ್ಪು, ಒಂದಿಷ್ಟು ಉಪ್ಪು. ಕೆಟ್ಟದ್ದೇನಿದ್ದರೂ ನೇರವಾಗಿ ನಾಲಿಗೆಗೆ ಬರುತ್ತದೆ.

ಕೆಟ್ಟಾಗ ಎಲ್ಲರ ಬಾಯಿಗೂ ಬರುವ ಪ್ರಶ್ನೆ ‘ಎಷ್ಟು ನಿಮಿಷ ಇಡಬೇಕಿತ್ತು?’ ಎಂಬುದು. ಅದನ್ನು ಆಮೇಲೆ ನೋಡೋಣ. ಮೊದಲು ಕೇಳಿಕೊಳ್ಳಬೇಕಾದದ್ದು ‘ಎಲ್ಲಿ ಕೆಟ್ಟಿದೆ?’ ಎಂದು. ಇಡೀ ಮೀನು ಎಲ್ಲ ಕಡೆಯೂ ಒಂದೇ ರೀತಿ ಕೆಡುವುದು ಅಪರೂಪ. ತಲೆಯ ಹಿಂದೆ ಮಾತ್ರ ಹಸಿಯಾಗಿದ್ದರೆ ಒಂದು ಕಾರಣ, ತಟ್ಟೆಗೆ ತಾಗಿದ ಬದಿ ಮಾತ್ರ ಹಸಿಯಾಗಿದ್ದರೆ ಇನ್ನೊಂದು. ಹೊಟ್ಟೆಯ ಭಾಗ ಮಾತ್ರ ಕಹಿಯಾಗಿದ್ದರೆ ಪಾಪ, ನಿಂಬೆಹಣ್ಣಿನ ಮೇಲೆ ಗೂಬೆ ಕೂರಿಸಬೇಡಿ. ಜಾಗ ಗೊತ್ತಾದರೆ ಅರ್ಧ ಕಾರಣ ಸಿಕ್ಕಂತೆ. ಜಾಗ ನೋಡದೆ ನಿಮಿಷ ಕೂಡಿಸುತ್ತಾ ಹೋದರೆ ಒಂದು ದೋಷದ ಜೊತೆಗೆ ಇನ್ನೊಂದನ್ನು ಬಡಿಸಿಕೊಳ್ಳಬೇಕಾಗುತ್ತದೆ.

ತಟ್ಟೆ ಖಾಲಿಯಾಗುವ ಮೊದಲು ನೋಡುವುದು

ಮುಚ್ಚಳ ತೆಗೆದ ಕೂಡಲೇ ತಟ್ಟೆಯಲ್ಲಿ ನಿಂತ ನೀರನ್ನು ನೋಡಿ. ಎರಡು ಮೂರು ಚಮಚದಷ್ಟು, ಸ್ವಲ್ಪ ಮಬ್ಬಾದ ನೀರು ಸಹಜ. ಮೀನು ಅದರಲ್ಲಿ ಕಾಲು ಭಾಗ ಮುಳುಗಿದ್ದರೆ ಮುಚ್ಚಳದಿಂದ ಹನಿ ಬಿದ್ದಿದೆ. ಬಿಳಿ ಗಸಿಯಂಥ ಮುದ್ದೆಗಳು ತೇಲುತ್ತಿದ್ದರೆ ಬೇಯುವುದು ಹೆಚ್ಚಾಗಿದೆ. ಕಂದುಗೆಂಪು ಎಳೆಗಳಿದ್ದರೆ ಹೊಟ್ಟೆಯೊಳಗಿನ ರಕ್ತವನ್ನು ಸರಿಯಾಗಿ ತೊಳೆದಿಲ್ಲ.

ಆಮೇಲೆ ತಲೆಯ ಹಿಂದೆ, ಬೆನ್ನಿನ ಅತಿ ದಪ್ಪ ಜಾಗದಲ್ಲಿ ತೆಳುವಾದ ಕಡ್ಡಿಯೊಂದನ್ನು ನಡುಮುಳ್ಳು ತಾಗುವವರೆಗೆ ಇಳಿಸಿ. ಸರಿಯಾಗಿ ಬೆಂದಿದ್ದರೆ ಕಡ್ಡಿ ತಡೆಯಿಲ್ಲದೆ ಇಳಿಯುತ್ತದೆ. ಮುಳ್ಳಿನ ಗುಂಟ ಮೆಲ್ಲಗೆ ಮೀಟಿದರೆ ಮಾಂಸ ದೊಡ್ಡ ಎಸಳುಗಳಾಗಿ ಏಳುತ್ತದೆ. ಎಸಳಿನ ಮೈ ಒದ್ದೆಯಾಗಿ ಹೊಳೆಯುತ್ತದೆ. ಮುಳ್ಳಿಗೆ ಅಂಟಿಕೊಂಡ ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ನಸುಗೆಂಪು ಉಳಿದಿರಬಹುದು. ಮಾಂಸ ಗಾಜಿನ ಹಾಗೆ ಅರೆಪಾರದರ್ಶಕವಾಗಿದ್ದು, ಮುಳ್ಳನ್ನು ಬಿಡಲು ಒಪ್ಪದೆ ಎಳೆದುಕೊಂಡು ಬಂದರೆ ಇನ್ನೂ ಹಸಿ. ಕಡ್ಡಿ ತಾಗುವ ಮೊದಲೇ ಎಸಳುಗಳು ತಾವಾಗಿ ಬಿರಿದು, ಒಳಮೈ ಸುಣ್ಣದ ಹಾಗೆ ಮಂಕಾಗಿದ್ದರೆ ಹೊತ್ತು ಮೀರಿದೆ.

ಕಣ್ಣು ಬೆಳ್ಳಗಾಗಿ ಉಬ್ಬಿದರೆ ಬೆಂದಿದೆ ಎಂಬ ಲೆಕ್ಕವನ್ನು ಪೂರ್ತಿ ನಂಬಬೇಡಿ. ಕಣ್ಣು ಇರುವುದು ಹೊರಮೈಯಲ್ಲಿ. ನಡುಮುಳ್ಳಿನ ಪಕ್ಕದ ಸಮಾಚಾರ ಅದಕ್ಕೆ ತಿಳಿಯುವುದಿಲ್ಲ. ಬೆನ್ನಿನ ರೆಕ್ಕೆಯನ್ನು ಹಿಡಿದೆಳೆದರೆ ಬುಡಸಮೇತ ಸಲೀಸಾಗಿ ಬರುತ್ತದೆಯೇ ಎಂಬುದು ಅದಕ್ಕಿಂತ ಮೇಲು. ಥರ್ಮಾಮೀಟರ್ ಇದ್ದರೆ ಈ ಊಹೆ ಯಾವುದೂ ಬೇಕಿಲ್ಲ. ಆಹಾರ ಸುರಕ್ಷತೆಯ ಸೂಚನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ 63 ಡಿಗ್ರಿ ಸೆಲ್ಸಿಯಸ್. ಅನೇಕ ಅಡುಗೆಯವರು 57ರಿಂದ 60ರೊಳಗೆ ಒಲೆ ಆರಿಸಿ, ಉಳಿದ ಬಿಸಿಯಲ್ಲೇ ಮುಂದಿನದ್ದು ಆಗಲಿ ಎಂದು ಬಿಡುತ್ತಾರೆ. ಉಣ್ಣುವವರಲ್ಲಿ ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಇದ್ದರೆ 63 ಮುಟ್ಟಿಸಿಯೇ ಇಳಿಸಿ.

ತಲೆಯ ಹಿಂದೆ ಹಸಿ, ಬಾಲದ ಕಡೆ ಒಣಕಲು

ಇದು ಅತಿ ಸಾಮಾನ್ಯವಾದ ದೂರು, ನಿಮಿಷ ಹೆಚ್ಚಿಸಿ ಸರಿಪಡಿಸಲಾಗದ ದೂರೂ ಹೌದು. ಮೀನಿನ ಆಕಾರವೇ ಇಲ್ಲಿ ತೊಡಕು. ತಲೆಯ ಹಿಂದೆ 4 ಸೆಂಟಿಮೀಟರ್ ದಪ್ಪವಿರುವ ಮೀನು ಬಾಲದ ಬುಡದಲ್ಲಿ 1 ಸೆಂಟಿಮೀಟರಿನ ಆಸುಪಾಸು ಇರುತ್ತದೆ. ಬಿಸಿ ಹೊರಗಿನಿಂದ ನಡುವಿಗೆ ಸಾಗಲು ಬೇಕಾದ ಸಮಯ ದಪ್ಪದ ಜೊತೆ ಸಮಸಮವಾಗಿ ಏರುವುದಿಲ್ಲ. ದಪ್ಪ ಎರಡು ಪಟ್ಟಾದರೆ ಸಮಯ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಬಾಲ ಬೆಂದು ಎಷ್ಟೋ ಹೊತ್ತಾದ ಮೇಲೆ ಕತ್ತಿನ ಭಾಗದ ಸರದಿ ಬರುತ್ತದೆ.

ತೂಕ ನೋಡಿ ಸಮಯ ಹೇಳುವ ಪಾಕವಿಧಾನಗಳು ಎಡವುವುದು ಇಲ್ಲೇ. 600 ಗ್ರಾಂ ತೂಗುವ ನೀಳ ಮೀನೂ ಅಷ್ಟೇ ತೂಗುವ ಗಿಡ್ಡ ದಪ್ಪ ಮೀನೂ ಒಂದೇ ಹೊತ್ತಿಗೆ ಬೇಯುವುದಿಲ್ಲ. ಮೀನನ್ನು ಮಗ್ಗುಲಾಗಿ ಮಲಗಿಸಿ, ಅತಿ ಎತ್ತರದ ಜಾಗದ ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ ದಪ್ಪ ನೋಡಿ. ಮೂರೂವರೆಯಿಂದ 4 ಸೆಂಟಿಮೀಟರ್ ಇದ್ದರೆ, ಕೆಳಗೆ ಹೇಳುವ ಹಾಗೆ ಕಚ್ಚು ಹಾಕಿದ್ದರೆ, ಜೋರು ಹಬೆಯಲ್ಲಿ 9ರಿಂದ 12 ನಿಮಿಷ. ಸಾಮಾನ್ಯವಾಗಿ ಇದು 500ರಿಂದ 700 ಗ್ರಾಂ ತೂಕದ ಮೀನು. 9ನೇ ನಿಮಿಷಕ್ಕೆ ಒಮ್ಮೆ ಕಡ್ಡಿ ಇಳಿಸಿ ನೋಡುವುದರಲ್ಲಿ ಅವಮಾನವೇನಿಲ್ಲ.

ಪರಿಹಾರ ಇರುವುದು ಚಾಕುವಿನಲ್ಲಿ. ದಪ್ಪ ಭಾಗದಲ್ಲಿ ಮಾತ್ರ, ಎರಡೂ ಬದಿಗಳಲ್ಲಿ, ಎರಡೂವರೆಯಿಂದ 3 ಸೆಂಟಿಮೀಟರ್ ಅಂತರದಲ್ಲಿ ಓರೆಯಾಗಿ ಕಚ್ಚು ಹಾಕಿ. ಚಾಕುವಿನ ಅಲಗು ನಡುಮುಳ್ಳಿಗೆ ತಾಗಿದ್ದು ಕೈಗೆ ಗೊತ್ತಾಗಬೇಕು. ಚರ್ಮವನ್ನಷ್ಟೇ ಗೀರಿದ ಅಲಂಕಾರದ ಗೆರೆಗಳು ಚಿತ್ರಕ್ಕೆ ಚೆನ್ನ, ಬೇಯುವುದಕ್ಕೆ ಪ್ರಯೋಜನವಿಲ್ಲ. ಆಳವಾದ ಕಚ್ಚಿನೊಳಗೆ ಹಬೆ ಇಳಿಯುವುದರಿಂದ ದಪ್ಪ ಮಾಂಸ ತೆಳು ತುಂಡುಗಳ ಲೆಕ್ಕದಲ್ಲಿ ಬೇಯುತ್ತದೆ. ಬಾಲದ ಕಡೆಯ ಮೂರನೇ ಒಂದು ಭಾಗಕ್ಕೆ ಚಾಕು ಮುಟ್ಟಿಸಬೇಡಿ. ಅಲ್ಲಿ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಬಿಡಿ.

ಇನ್ನೊಂದು ಉಪಾಯವಿದೆ, ನೋಡುವುದಕ್ಕೂ ಚೆಂದ. ಹೊಟ್ಟೆಯ ಸೀಳನ್ನು ಸ್ವಲ್ಪ ಉದ್ದ ಮಾಡಿ, ಎರಡೂ ಬದಿಯ ಹೊಟ್ಟೆಪಟ್ಟಿಗಳನ್ನು ಕಾಲಿನಂತೆ ಅಗಲಿಸಿ, ಮೀನನ್ನು ಈಜುವ ಭಂಗಿಯಲ್ಲೇ ತಟ್ಟೆಯ ಮೇಲೆ ನಿಲ್ಲಿಸುವುದು. ಒಳಗಿನಿಂದಲೂ ಹೊರಗಿನಿಂದಲೂ ಹಬೆ ತಾಗುತ್ತದೆ, ಕೆಳಬದಿ ಎಂಬುದೇ ಇರುವುದಿಲ್ಲ. ಪಾತ್ರೆಯ ಮುಚ್ಚಳ ಎತ್ತರವಾಗಿದ್ದರೆ ಮಾತ್ರ ಇದು ಸಾಧ್ಯ. ಒಂದು ಕಿಲೋ ದಾಟಿದ ಮೀನನ್ನು ಮನೆಯ ಪಾತ್ರೆಯಲ್ಲಿ ಇಡಿಯಾಗಿ ಬೇಯಿಸುವ ಹಟವನ್ನು ನಾನು ಮೆಚ್ಚುವುದಿಲ್ಲ. ಅದರ ಬದಲು ಎರಡು ಸಣ್ಣ ಮೀನು ತನ್ನಿ, ಇಲ್ಲವೇ ನಡುವೆ ಕತ್ತರಿಸಿ ಬೇಯಿಸಿ, ಬಡಿಸುವ ತಟ್ಟೆಯಲ್ಲಿ ಜೋಡಿಸಿಡಿ. ಕತ್ತರಿಸಿದ ಗೆರೆಯ ಮೇಲೆ ಸೊಪ್ಪು ಉದುರಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಊಟಕ್ಕೆ ಕೂತ ಮೇಲೆ ಹಸಿ ಎಂದು ಗೊತ್ತಾದರೆ ಇಡೀ ಮೀನನ್ನು ಮತ್ತೆ ಪಾತ್ರೆಗೆ ಹಾಕಬೇಡಿ. ಮೇಲಿನ ಬದಿಯಲ್ಲಿ ಬೆಂದದ್ದನ್ನು ಬಿಡಿಸಿ ಬಡಿಸಿ. ಉಳಿದದ್ದು, ಅಂದರೆ ಮುಳ್ಳು ಮತ್ತು ಅದಕ್ಕಂಟಿದ ಹಸಿ ಭಾಗ, ಎರಡು ನಿಮಿಷ ಹಬೆಗೆ ಹೋದರೆ ಸಾಕು.

ಸಮಯ ಸರಿಯಿದ್ದರೂ ಎಲ್ಲ ಕಡೆ ಹಸಿ

ತಲೆ, ಬಾಲ ಎನ್ನದೆ ಸಮನಾಗಿ ಹಸಿಯಾಗಿದ್ದರೆ ಸಂಶಯ ಪಡಬೇಕಾದದ್ದು ಹಬೆಯನ್ನು. ಹಬೆ ತಣ್ಣನೆಯ ಮೀನಿನ ಮೈಮೇಲೆ ನೀರಾಗಿ ಇಳಿಯುವಾಗ ಪ್ರತಿ ಗ್ರಾಂಗೆ ಸುಮಾರು 2,260 ಜೂಲ್ ಶಾಖವನ್ನು ಬಿಟ್ಟುಕೊಡುತ್ತದೆ. ಒಂದು ಗ್ರಾಂ ಕುದಿನೀರು ಒಂದು ಡಿಗ್ರಿ ತಣ್ಣಗಾದರೆ ಸಿಗುವುದು 4.2 ಜೂಲ್ ಮಾತ್ರ. ಹಬೆಯ ಬಲವೆಲ್ಲ ಆ ಇಳಿಯುವಿಕೆಯಲ್ಲಿದೆ. ಪಾತ್ರೆಯ ತುಂಬ ಬಿಸಿಗಾಳಿ ತುಂಬಿ, ಅದರ ನಡುವೆ ಒಂದೆಳೆ ಹಬೆ ಸುಳಿದಾಡುತ್ತಿದ್ದರೆ ಗಡಿಯಾರ ಓಡುತ್ತದೆ, ಮೀನು ಬೇಯುವುದಿಲ್ಲ.

ಆದ್ದರಿಂದ ನೀರು ಭರದಿಂದ ಕುದಿದು, ಮುಚ್ಚಳದ ಸಂದಿಯಿಂದ ಹಬೆ ನುಗ್ಗಿ ಬರುವುದನ್ನು ಕಣ್ಣಾರೆ ಕಂಡ ಮೇಲೆ ಮೀನು ಇಡಿ. ಸಮಯದ ಲೆಕ್ಕ ಅಲ್ಲಿಂದ. ತಟ್ಟೆಯ ಅಂಚಿಗೂ ಪಾತ್ರೆಯ ಗೋಡೆಗೂ ನಡುವೆ ಸುತ್ತಲೂ ಎರಡು ಬೆರಳಷ್ಟು ಜಾಗ ಇರಲೇಬೇಕು. ಪಾತ್ರೆಯ ಬಾಯಿಗೆ ಸರಿಯಾಗಿ ಕೂರುವ ತಟ್ಟೆ ಹಬೆಯನ್ನು ಕೆಳಗೇ ತಡೆದುಬಿಡುತ್ತದೆ, ಮೇಲೆ ಬರುವುದು ಅಳಿದುಳಿದದ್ದು. ನೀರು 3–4 ಸೆಂಟಿಮೀಟರ್ ಇರಲಿ, ಕುದಿಯುವಾಗ ತಟ್ಟೆಯ ತಳಕ್ಕೆ ಚಿಮ್ಮದಿರಲಿ. ನಡುವೆ ನೀರು ಸಾಲದೆ ಬಂದರೆ ಕುದಿಯುವ ನೀರನ್ನೇ ಸೇರಿಸಿ. ತಣ್ಣೀರು ಸುರಿದರೆ ಮತ್ತೆ ಕುದಿ ಏರುವವರೆಗಿನ ನಿಮಿಷಗಳೆಲ್ಲ ಲೆಕ್ಕಕ್ಕಿಲ್ಲ. ತಳದ ನೀರಿನಲ್ಲಿ ತೊಳೆದ ಲೋಹದ ನಾಣ್ಯವೊಂದನ್ನು ಹಾಕಿಟ್ಟರೆ ಕುದಿಯ ರಭಸಕ್ಕೆ ಅದು ಕಟಕಟ ಸದ್ದು ಮಾಡುತ್ತಿರುತ್ತದೆ. ಸದ್ದು ನಿಂತರೆ ನೀರು ಮುಗಿದಿದೆ ಅಥವಾ ಉರಿ ಇಳಿದಿದೆ. ಮುಚ್ಚಳ ತೆಗೆಯದೆ ತಿಳಿಯುವ ಹಳೆಯ ಉಪಾಯ ಇದು.

ಫ್ರಿಜ್ಜಿನಿಂದ ತೆಗೆದ ಮೀನು 4 ಡಿಗ್ರಿಯಲ್ಲಿರುತ್ತದೆ. ತೊಳೆದು, ಒರೆಸಿ, ಉಪ್ಪು ಸವರಿ 15 ನಿಮಿಷ ಹೊರಗಿಟ್ಟರೆ ಮೇಲ್ಮೈಯ ಚಳಿ ಬಿಡುತ್ತದೆ. ಅದಕ್ಕಿಂತ ಹೆಚ್ಚು ಬೇಡ. ಹಿಮಗಟ್ಟಿದ ಮೀನಾದರೆ ರಾತ್ರಿಯಿಡೀ ಫ್ರಿಜ್ಜಿನೊಳಗೇ ಕರಗಿಸಿ. ಹೊರಗೆ ಮೆತ್ತಗಾಗಿ ನಡುಮುಳ್ಳಿನ ಬಳಿ ಇನ್ನೂ ಮಂಜು ಉಳಿದ ಮೀನು ಯಾವ ಸಮಯದ ಲೆಕ್ಕಕ್ಕೂ ಸಿಗುವುದಿಲ್ಲ. ಎತ್ತರದ ಊರುಗಳಲ್ಲಿ ಪ್ರತಿ 300 ಮೀಟರಿಗೆ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 1,500 ಮೀಟರಿನಲ್ಲಿ ಹಬೆಯೇ 95 ಡಿಗ್ರಿ. ಒಂದೆರಡು ನಿಮಿಷ ಹೆಚ್ಚು ಕೊಡಿ. ಪ್ರೆಶರ್ ಕುಕ್ಕರನ್ನು ಪಾತ್ರೆಯಾಗಿ ಬಳಸುವುದಾದರೆ ವೆಯ್ಟ್ ಹಾಕಬೇಡಿ. ಒತ್ತಡದಲ್ಲಿ ಒಳಗಿನ ಬಿಸಿ 120 ಡಿಗ್ರಿಯ ಹತ್ತಿರ ಹೋಗುತ್ತದೆ, ಮೀನಿಗೆ ಅದು ತಡೆಯದು.

ಮೇಲೆ ಬೆಂದಿದೆ, ಕೆಳಗೆ ಬೆಂದಿಲ್ಲ

ತಟ್ಟೆಯೇ ಕಾರಣ. ದಪ್ಪ ಪಿಂಗಾಣಿ ತಟ್ಟೆ ತಾನು ಬಿಸಿಯಾಗಲು ಮೂರು ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತೂ ಮೀನಿನ ಕೆಳಬದಿ ತಣ್ಣನೆಯ ನೆಲದ ಮೇಲೆ ಮಲಗಿರುತ್ತದೆ. ಖಾಲಿ ತಟ್ಟೆಯನ್ನು ಮೊದಲೇ ಹಬೆಯಲ್ಲಿಟ್ಟು ಕಾಯಿಸಿ, ಅಥವಾ ತೆಳುವಾದ ಸ್ಟೀಲ್ ತಟ್ಟೆ ಬಳಸಿ. ಇವೆರಡಕ್ಕಿಂತ ಮುಖ್ಯವಾದದ್ದು ಮೀನನ್ನು ತಟ್ಟೆಯಿಂದ ಎತ್ತಿಡುವುದು. ಈರುಳ್ಳಿ ಸೊಪ್ಪಿನ ದಪ್ಪ ದಂಟುಗಳು, ಶುಂಠಿಯ ದಪ್ಪ ಬಿಲ್ಲೆಗಳು, ಏನೂ ಇಲ್ಲದಿದ್ದರೆ ಎರಡು ಚಮಚಗಳನ್ನು ಬೋರಲು ಹಾಕಿ ಅದರ ಮೇಲೆ ಮೀನು ಮಲಗಿಸಿ. ಬೆರಳು ದಪ್ಪದ ಆ ಸಂದಿಯಲ್ಲಿ ಹಬೆ ಓಡಾಡುತ್ತದೆ, ಮೀನು ತನ್ನದೇ ನೀರಿನಲ್ಲಿ ನೆನೆಯುವುದೂ ತಪ್ಪುತ್ತದೆ, ಚರ್ಮ ತಟ್ಟೆಗೆ ಅಂಟಿ ಹರಿಯುವುದೂ ತಪ್ಪುತ್ತದೆ. ಬೇಯುವ ನಡುವೆ ಮೀನನ್ನು ಮಗುಚಲು ಹೋಗಬೇಡಿ. ಅರೆಬೆಂದ ಮೀನು ಮಗುಚಿದರೆ ಎರಡಾಗುತ್ತದೆ.

ಒಣಗಿದೆ, ಬಿಳಿ ಗಸಿ ಕೂತಿದೆ

ಮೀನಿನ ಸ್ನಾಯುವಿನ ಪ್ರೋಟೀನು 40 ಡಿಗ್ರಿಯಿಂದಲೇ ಬಿಗಿಯತೊಡಗುತ್ತದೆ. 60 ದಾಟಿದ ಮೇಲೆ ತನ್ನಲ್ಲಿರುವ ನೀರನ್ನು ಹಿಂಡಿ ಹೊರಹಾಕುತ್ತದೆ. ಆ ನೀರಿನ ಜೊತೆ ಬಂದ ಕರಗುವ ಪ್ರೋಟೀನು ಮೇಲ್ಮೈಯಲ್ಲಿ ಹೆಪ್ಪುಗಟ್ಟಿದ್ದೇ ಬಿಳಿ ಗಸಿ. ತಿನ್ನಲು ಅಪಾಯವೇನಿಲ್ಲ, ಆದರೆ ಅದು ಸಾಕ್ಷಿ. ಅಲ್ಲಲ್ಲಿ ಚುಕ್ಕಿಯಷ್ಟಿದ್ದರೆ ಒರೆಸಿ ಬಡಿಸಿ. ಕಚ್ಚುಗಳ ತುಂಬ ಕೂತಿದ್ದರೆ ಮುಂದಿನ ಸಲ ಎರಡು ನಿಮಿಷ ಕಡಿಮೆ ಮಾಡಿ.

ಹಲವರು ಮರೆಯುವುದೇನೆಂದರೆ, ಒಲೆ ಆರಿಸಿದ ಮೇಲೂ ಮೀನು ಬೇಯುತ್ತಲೇ ಇರುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಬಿಟ್ಟರೆ ಇನ್ನೂ ಜೋರಾಗಿ. ಅನ್ನ ಆಗಲಿ, ಎಲ್ಲರೂ ಬರಲಿ ಎಂದು ಹತ್ತು ನಿಮಿಷ ಒಳಗೇ ಬಿಟ್ಟ ಮೀನು ಒಣಗಿದರೆ ತಪ್ಪು ಪಾಕವಿಧಾನದ್ದಲ್ಲ. ಮೀನು ಜನರಿಗಾಗಿ ಕಾಯಬಾರದು, ಜನ ಮೀನಿಗಾಗಿ ಕಾಯಬೇಕು. ಕೊಬ್ಬು ಕಡಿಮೆಯಿರುವ ಬಿಳಿ ಮಾಂಸದ ಮೀನಿಗೆ ಈ ಮಾತು ಹೆಚ್ಚು ಅನ್ವಯ. ಕೊಬ್ಬಿನ ಮೀನು ಒಂದೆರಡು ನಿಮಿಷದ ಉದಾಸೀನವನ್ನು ಸಹಿಸಿಕೊಳ್ಳುತ್ತದೆ.

ಮುದ್ದೆಯಾಗಿದೆ

ಒಣಕಲು ಬೇರೆ, ಮುದ್ದೆ ಬೇರೆ. ಎಸಳೇ ಇಲ್ಲದೆ ಹಿಟ್ಟಿನಂತೆ ಕಲಸಿಹೋಗಿದ್ದರೆ ಮೀನು ಹಳೆಯದು, ಅಥವಾ ಹಿಮಗಟ್ಟಿಸಿ ಕರಗಿಸಿ ಮತ್ತೆ ಹಿಮಗಟ್ಟಿಸಿದ್ದು. ಹೊಟ್ಟೆಯ ಭಾಗ ಮಾತ್ರ ಹಾಗಾಗಿದ್ದರೆ ಕರುಳು ತೆಗೆಯಲು ತಡವಾಗಿದೆ; ಜೀರ್ಣರಸಗಳು ಒಳಗಿನಿಂದಲೇ ಮಾಂಸವನ್ನು ಕರಗಿಸಿವೆ. ಮೂರನೆಯ ಕಾರಣ ಅಡುಗೆಮನೆಯದ್ದು. ತಣ್ಣೀರಿನ ಪಾತ್ರೆಯಲ್ಲಿ ಮೀನಿಟ್ಟು ಆಮೇಲೆ ಒಲೆ ಹಚ್ಚಿದರೆ ಮಾಂಸ 50–60 ಡಿಗ್ರಿಯ ನಡುವೆ ಬಹಳ ಹೊತ್ತು ತೆವಳುತ್ತದೆ. ಕೆಲವು ಜಾತಿಯ ಮೀನುಗಳ ಸ್ನಾಯುವಿನಲ್ಲಿರುವ ಕಿಣ್ವಗಳು ಚುರುಕಾಗುವುದು ಆ ಬಿಸಿಯಲ್ಲೇ. ಜೋರು ಹಬೆಯಲ್ಲಿ ಆ ಹಂತವನ್ನು ಬೇಗ ದಾಟಿಸಿದರೆ ಎಸಳು ಉಳಿಯುತ್ತದೆ.

ನಿಂಬೆರಸ ಸವರಿ ಅರ್ಧ ಗಂಟೆ ಇಟ್ಟ ಮೀನು ಬೇರೊಂದು ರೀತಿ ಕೆಡುತ್ತದೆ. ಹುಳಿ ತಾಗಿದ ಮೇಲ್ಪದರ ಬೇಯುವ ಮೊದಲೇ ಬೆಳ್ಳಗಾಗಿ, ಬೆಂದ ಮೇಲೆ ಪುಡಿಪುಡಿಯಾಗುತ್ತದೆ. ಹುಳಿಯನ್ನು ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡಬೇಡಿ, ತೊಳೆದು ಒರೆಸಿ.

ವಾಸನೆ

ಇಲ್ಲಿಯೂ ಅದೇ ಪ್ರಶ್ನೆ: ವಾಸನೆ ಎಲ್ಲಿದೆ? ತಟ್ಟೆಯ ನೀರನ್ನು ಒಂದು ಬಟ್ಟಲಿಗೆ ಬಸಿದು ಬೇರೆಯಾಗಿ ಮೂಸಿ ನೋಡಿ, ಮಾಂಸದ ಒಂದು ಎಸಳನ್ನು ಬೇರೆಯಾಗಿ.

ನೀರಿನಲ್ಲಿ ಮಾತ್ರ ಇದ್ದರೆ ಗಾಬರಿಯಾಗುವಂಥದ್ದೇನಲ್ಲ. ಸಮುದ್ರದ ಮೀನು ಸತ್ತ ಮೇಲೆ ಅದರ ಸ್ನಾಯುವಿನಲ್ಲಿರುವ ಒಂದು ಸಂಯುಕ್ತವನ್ನು ಬ್ಯಾಕ್ಟೀರಿಯಾಗಳು ಒಡೆದು ಟ್ರೈಮೀಥೈಲಮೀನ್ ಮಾಡುತ್ತವೆ. ನಾವು ‘ಮೀನು ವಾಸನೆ’ ಎನ್ನುವುದು ಬಹುಪಾಲು ಅದೇ. ಚರ್ಮದ ಲೋಳೆ, ಕಿವಿರು, ನಡುಮುಳ್ಳಿಗೆ ಅಂಟಿದ ರಕ್ತ ಇವುಗಳಲ್ಲಿ ಅದು ಹೆಚ್ಚು. ಹಬೆ ನೀರಾಗಿ ಇಳಿಯುವಾಗ ಇದನ್ನೆಲ್ಲ ತೊಳೆದುಕೊಂಡು ತಟ್ಟೆಗೆ ಬರುತ್ತದೆ. ಆ ನೀರನ್ನು ಚೆಲ್ಲಿ. ಅದರಲ್ಲೇ ಸಾರವಿದೆ ಎಂದು ಉಳಿಸಿಕೊಳ್ಳುವವರಿದ್ದಾರೆ. ಆ ಬೆಳಿಗ್ಗೆ ಹಿಡಿದ ಮೀನಾದರೆ ಅವರ ಮಾತು ನಿಜ, ಉಳಿದಂತೆ ಅಲ್ಲ.

ಮುಂದಿನ ಸಲಕ್ಕೆ ಶುಚಿಮಾಡುವುದನ್ನು ಬಿಗಿಗೊಳಿಸಿ. ಹೊಟ್ಟೆಯೊಳಗೆ ನಡುಮುಳ್ಳಿನ ಉದ್ದಕ್ಕೂ ತೆಳುವಾದ ಪೊರೆಯ ಕೆಳಗೆ ಕಡುಗೆಂಪು ಗೆರೆಯೊಂದಿರುತ್ತದೆ. ಅದು ಮೀನಿನ ಮೂತ್ರಪಿಂಡ. ಚಾಕುವಿನ ತುದಿಯಿಂದ ಪೊರೆಯನ್ನು ಉದ್ದಕ್ಕೆ ಸೀಳಿ, ಹೆಬ್ಬೆರಳಿನ ಉಗುರಿನಿಂದ ಅಥವಾ ಸಣ್ಣ ಚಮಚದಿಂದ ಹರಿಯುವ ನೀರಿನ ಕೆಳಗೆ ಕೆರೆದರೆ ಮುಳ್ಳಿನ ಗಂಟುಗಳು ಬೆಳ್ಳಗೆ ಕಾಣುವಷ್ಟು ಶುಚಿಯಾಗುತ್ತದೆ. ಅಂಗಡಿಯಲ್ಲಿ ‘ಕ್ಲೀನ್’ ಮಾಡಿಸಿ ತಂದ ಮೀನಿನಲ್ಲೂ ಈ ಗೆರೆ ಹಾಗೇ ಉಳಿದಿರುವುದೇ ಹೆಚ್ಚು. ಹೊಟ್ಟೆಗೋಡೆಯ ಕಪ್ಪು ಪೊರೆಯನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಕಿವಿರು ಪೂರ್ತಿ ಹೋಗಲಿ. ಹೊರಮೈಗೆ ಕಲ್ಲುಪ್ಪು ಹಾಕಿ ತಿಕ್ಕಿ ಲೋಳೆ ತೆಗೆದು ತೊಳೆಯಿರಿ. ಕಡೆಗೆ ಒಳಗೂ ಹೊರಗೂ ಒಣಗುವಂತೆ ಒರೆಸಿ.

ವಾಸನೆ ಮಾಂಸದಲ್ಲೇ ಇದ್ದು ಅದು ಮಣ್ಣಿನಂತಿದ್ದರೆ, ಮೀನು ಸಿಹಿನೀರಿನದ್ದು. ಕಾರಣ ಜಿಯೋಸ್ಮಿನ್ ಎಂಬ ಸಂಯುಕ್ತ. ಮೊದಲ ಮಳೆಗೆ ನೆಲದಿಂದ ಏಳುವ ಘಮದಲ್ಲಿರುವುದೂ ಇದೇ. ನೆಲದಲ್ಲಿ ಹಿತವಾದದ್ದು ತಟ್ಟೆಯಲ್ಲಿ ಸಹಿಸಲಾಗದು. ಕೆರೆಯ ನೀಲಿಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾಗಳಿಂದ ಬರುವ ಇದು ಮೀನಿನ ಕೊಬ್ಬಿನಲ್ಲಿ ಕೂರುವುದರಿಂದ ತೊಳೆದರೆ ಹೋಗುವುದಿಲ್ಲ. ಹುಳಿಗೆ ಸ್ವಲ್ಪ ಮಣಿಯುತ್ತದೆ: ವಿನೆಗರ್ ಅಥವಾ ನಿಂಬೆರಸ ಬೆರೆಸಿದ ನೀರಿನಲ್ಲಿ ಐದು ನಿಮಿಷ ಅದ್ದಿ ತೆಗೆಯಿರಿ. ಬೆಂದ ಮೇಲೆ ಚರ್ಮ, ಹೊಟ್ಟೆಪಟ್ಟಿ, ಮಗ್ಗುಲಿನ ಕಂದು ಮಾಂಸದ ಗೆರೆ ಇಷ್ಟನ್ನು ಬಿಟ್ಟು ಬಿಳಿ ಮಾಂಸವನ್ನು ಮಾತ್ರ ಬಡಿಸಿದರೆ ಬಹುಪಾಲು ಪಾರಾದಂತೆ.

ಮಾಂಸದಲ್ಲಿ ಅಮೋನಿಯಾದ ಘಾಟಿದ್ದರೆ ಯಾವ ಉಪಚಾರವೂ ಬೇಡ, ಎಸೆಯಿರಿ. ಬಂಗುಡೆ, ಬೂತಾಯಿ, ಟ್ಯೂನಾ ಜಾತಿಯ ಮೀನು ವಾಸನೆಯಿಲ್ಲದಿದ್ದರೂ ನಾಲಿಗೆಯ ಮೇಲೆ ಮೆಣಸು ಕಚ್ಚಿದಂತೆ ಚುರುಗುಟ್ಟಿದರೆ ಅದನ್ನೂ ಎಸೆಯಿರಿ. ಬಿಸಿಲಿನಲ್ಲಿ ಬಿದ್ದಿದ್ದ ಮೀನಿನಲ್ಲಿ ಹಿಸ್ಟಮಿನ್ ಉಂಟಾಗಿರುತ್ತದೆ. ಎಷ್ಟು ಬೇಯಿಸಿದರೂ ಅದು ನಾಶವಾಗುವುದಿಲ್ಲ, ಮುಖ ಕೆಂಪೇರಿ ತಲೆನೋವು, ತುರಿಕೆ ತರುತ್ತದೆ. ಶುಂಠಿ ಹೆಚ್ಚು ಹಾಕಿ ಸುಧಾರಿಸುವ ಯೋಚನೆ ಇಲ್ಲಿ ಅಪಾಯದ್ದು.

ಕಹಿ

ಹೊಟ್ಟೆಯ ಹತ್ತಿರದ ಮಾಂಸ ಮಾತ್ರ ಕಹಿ, ಅಲ್ಲಿ ಹಸಿರು ಹಳದಿ ಕಲೆ ಇದ್ದರೆ ಶುಚಿಮಾಡುವಾಗ ಪಿತ್ತಕೋಶ ಒಡೆದಿದೆ. ಬೆಂದ ಮೇಲೆ ಮಾಡುವುದೇನೂ ಇಲ್ಲ, ಆ ಭಾಗ ಬಿಟ್ಟು ತಿನ್ನಿ. ಹಸಿಯಿದ್ದಾಗಲೇ ಕಂಡರೆ ಕಲೆಯಾದ ಜಾಗವನ್ನು ಕತ್ತರಿಸಿ ತೆಗೆದು ಚೆನ್ನಾಗಿ ತೊಳೆಯಿರಿ. ಕಹಿ ಮೇಲ್ಮೈಯಲ್ಲೆಲ್ಲ ಹರಡಿದ್ದರೆ ನಿಂಬೆಯ ಬಿಲ್ಲೆಗಳು ಕಾರಣ: ಸಿಪ್ಪೆಯ ಒಳಗಿನ ಬಿಳಿಪದರ ಹತ್ತು ನಿಮಿಷದ ಹಬೆಗೆ ಕಹಿ ಬಿಡುತ್ತದೆ. ನಿಂಬೆಯನ್ನು ಬಡಿಸುವಾಗ ಹಿಂಡಿ. ಎಣ್ಣೆ ಬಿದ್ದ ಕಡೆ ಮಾತ್ರ ಕಹಿಯಿದ್ದರೆ ಬೆಳ್ಳುಳ್ಳಿ ಕರಟಿದೆ.

ಶುಂಠಿ ಹಾಕಿದರೂ ಘಮವಿಲ್ಲ

ಇದಕ್ಕೆ ಕಾರಣ ಕಂಡುಹಿಡಿಯುವುದು ಸುಲಭ, ಒಪ್ಪಿಕೊಳ್ಳುವುದು ಕಷ್ಟ. ಮೀನಿನ ಕೆಳಗೆ, ಮೇಲೆ, ಹೊಟ್ಟೆಯೊಳಗೆ ಶುಂಠಿ, ಸೊಪ್ಪು ತುಂಬಿ ಬೇಯಿಸಿದ್ದೇವೆ, ಆದರೂ ರುಚಿ ಮಂಕು ಎಂಬುದು ದೂರು. ಹತ್ತು ನಿಮಿಷ ಹಬೆಯಲ್ಲಿ ಸೊರಗಿದ ಸೊಪ್ಪಿಗೆ ಉಳಿದಿರುವುದು ಬೆಂದ ಹುಲ್ಲಿನ ವಾಸನೆ. ಒಳಗೆ ತುಂಬಿದ್ದು ಮೀನಿನ ವಾಸನೆ ತಗ್ಗಿಸುವ ಕೆಲಸ ಮಾಡಿ ದಣಿದಿದೆ, ಘಮ ಕೊಡುವ ಕೆಲಸ ಅದರದ್ದಲ್ಲ. ಅದನ್ನು ತಟ್ಟೆಯ ನೀರಿನ ಜೊತೆಗೇ ತೆಗೆದು ಬಿಸಾಡಿ.

ಘಮಕ್ಕೆ ಹೊಸದಾಗಿ ಹಾಕಬೇಕು. ಸಿಪ್ಪೆ ತೆಗೆದ ಶುಂಠಿಯನ್ನು ಬೆಂಕಿಕಡ್ಡಿಗಿಂತ ಸಣ್ಣ ಎಳೆಗಳಾಗಿ ಹೆಚ್ಚಿ. ಈರುಳ್ಳಿ ಸೊಪ್ಪಿನ ಹಸಿರು ಭಾಗವನ್ನು ಉದ್ದಕ್ಕೆ ಸೀಳಿ ತಣ್ಣೀರಿನಲ್ಲಿ ಐದು ನಿಮಿಷ ಬಿಡಿ. ಅದು ಸುರುಳಿಯಾಗುತ್ತದೆ, ಘಾಟು ತಗ್ಗುತ್ತದೆ. ಆಮೇಲೆ ನೀರು ಬಸಿದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಬಸಿದ ಮೀನಿನ ಮೇಲೆ ಇವನ್ನು ಹರಡಿ, ಎರಡು ಮೂರು ಚಮಚ ಚೆನ್ನಾಗಿ ಕಾದ ಎಣ್ಣೆಯನ್ನು ಸುರಿಯಿರಿ. ಶುಂಠಿ, ಈರುಳ್ಳಿಯ ಪರಿಮಳದ ಬಹುಭಾಗ ಕರಗುವುದು ಎಣ್ಣೆಯಲ್ಲಿ. ನೂರು ಡಿಗ್ರಿಯ ಹಬೆ ಹೊರತರಲಾರದ್ದನ್ನು ಕಾದ ಎಣ್ಣೆ ಒಂದು ಕ್ಷಣದಲ್ಲಿ ಹೊರತರುತ್ತದೆ. ಕಾದಿದೆಯೇ ಎಂದು ತಿಳಿಯಲು ಒಂದು ಎಳೆ ಶುಂಠಿಯನ್ನು ಎಣ್ಣೆಗೆ ಹಾಕಿ: ಕೂಡಲೇ ನೊರೆಯೆದ್ದು ಮೇಲೆ ತೇಲಿದರೆ ಸರಿ, ಮುಳುಗಿ ನಿಧಾನ ಗುಳ್ಳೆ ಬಿಟ್ಟರೆ ಇನ್ನೂ ಕಾಯಿಸಿ. ಸುರಿದಾಗ ‘ಚುಂಯ್’ ಎನ್ನದಿದ್ದರೆ ತಟ್ಟೆಯಲ್ಲಿ ಎಣ್ಣೆಯ ಜಿಡ್ಡು ಮಾತ್ರ ಉಳಿಯುತ್ತದೆ. ತಟ್ಟೆಯಲ್ಲಿ ನೀರು ನಿಂತಿದ್ದರೆ ಕಾದ ಎಣ್ಣೆ ಸಿಡಿದು ಕೈ ಸುಡುತ್ತದೆ. ಬಸಿಯಲೇಬೇಕು ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ಹಸಿ ಬೆಳ್ಳುಳ್ಳಿಯನ್ನು ಮೀನಿನ ಮೇಲೆ ಉದುರಿಸಿ ಬೇಯಿಸಿದರೆ ಅದು ಹಸಿಯೂ ಅಲ್ಲದ, ಬೆಂದದ್ದೂ ಅಲ್ಲದ ಘಾಟಿನಲ್ಲಿ ನಿಲ್ಲುತ್ತದೆ. ಅದು ಬೇಕೇ ಬೇಕೆಂದರೆ ಎಣ್ಣೆಯಲ್ಲಿ ನಸುಹೊಂಬಣ್ಣಕ್ಕೆ ಹುರಿದು ಮೇಲೆ ಹಾಕಿ.

ಸಪ್ಪೆ, ಇಲ್ಲವೇ ಉಪ್ಪು

ಉಪ್ಪು ಮೊದಲು, ಸಾಸ್ ಕೊನೆಗೆ. ಕಚ್ಚುಗಳೊಳಗೆ, ಹೊಟ್ಟೆಯೊಳಗೆ ಉಪ್ಪು ಸವರಿ 10–15 ನಿಮಿಷ ಬಿಟ್ಟು, ಒಸರಿದ ನೀರನ್ನು ಒರೆಸಿ. ಗಂಟೆಗಟ್ಟಲೆ ಬಿಟ್ಟರೆ ಮಾಂಸ ಗಟ್ಟಿಯಾಗಿ ರಬ್ಬರಿನತ್ತ ತಿರುಗುತ್ತದೆ. ಸೋಯಾ ಸಾಸನ್ನು ಬೇಯಿಸುವ ಮೊದಲೇ ಸುರಿದರೆ ಮೀನಿನ ಬಣ್ಣ ಕೆಡುತ್ತದೆ, ಹಬೆಯ ನೀರಿನಲ್ಲಿ ಸಾಸು ಕದಡಿ ತೆಳುವಾಗುತ್ತದೆ, ಆ ನೀರು ಚೆಲ್ಲುವಾಗ ಸಾಸೂ ಹೋಗುತ್ತದೆ. ಬೇರೆಯಾಗಿ ಬಿಸಿಮಾಡಿ, ಚಿಟಿಕೆ ಸಕ್ಕರೆ ಬೆರೆಸಿ, ಬಡಿಸುವ ಮುನ್ನ ಮೀನಿನ ಪಕ್ಕದಲ್ಲಿ ಸುರಿಯಿರಿ. ಮೇಲೆ ಸುರಿದರೆ ಎಣ್ಣೆಯಲ್ಲಿ ಅರಳಿದ ಶುಂಠಿ ನೆನೆದು ಮೆತ್ತಗಾಗುತ್ತದೆ.

ಸಣ್ಣಪುಟ್ಟ ದೂರುಗಳು

ಮುಚ್ಚಳದಿಂದ ಹನಿ ಬಿದ್ದು ಮೀನು ತೊಯ್ದಿದ್ದರೆ, ಚಪ್ಪಟೆ ಮುಚ್ಚಳಕ್ಕೆ ತೆಳುಬಟ್ಟೆ ಕಟ್ಟಿ, ತುದಿಗಳನ್ನು ಮೇಲೆತ್ತಿ ಗಂಟುಹಾಕಿ. ಬೆಂಕಿಯ ಹತ್ತಿರ ನೇತಾಡಬಾರದು. ಚರ್ಮ ಅಡ್ಡಾದಿಡ್ಡಿ ಹರಿದಿದ್ದರೆ ಕಚ್ಚು ಹಾಕಿಲ್ಲ ಎಂದರ್ಥ: ಬಿಸಿಗೆ ಚರ್ಮ ಕುಗ್ಗುತ್ತದೆ, ನಾವು ಜಾಗ ಕೊಡದಿದ್ದರೆ ತಾನೇ ಮಾಡಿಕೊಳ್ಳುತ್ತದೆ. ಬಾಯಿಗೆ ಹುರುಪೆ ಸಿಕ್ಕಿದರೆ ಅದು ಬೆನ್ನಿನದ್ದಾಗಿರುವುದು ಅಪರೂಪ; ರೆಕ್ಕೆಗಳ ಬುಡ, ಹೊಟ್ಟೆಯ ಅಂಚು, ತಲೆಯ ಹಿಂಭಾಗ ಈ ಮೂರು ಕಡೆ ಬೆರಳನ್ನು ಬಾಲದಿಂದ ತಲೆಯ ಕಡೆಗೆ ಸವರಿ ನೋಡುವ ಅಭ್ಯಾಸವಿರಲಿ. ಬೆಂದ ಮೀನನ್ನು ಬೇರೆ ತಟ್ಟೆಗೆ ಸಾಗಿಸುವಾಗ ಮುರಿಯುತ್ತಿದ್ದರೆ ಸಾಗಿಸಬೇಡಿ, ಬೇಯಿಸಿದ ತಟ್ಟೆಯಲ್ಲೇ ಬಡಿಸಿ. ಮುಚ್ಚಳವನ್ನು ಯಾವಾಗಲೂ ನಿಮ್ಮಿಂದಾಚೆಗೆ ಓರೆಮಾಡಿ ತೆರೆಯಿರಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಸಮಯ, ತಟ್ಟೆ, ಕಚ್ಚು ಮೂರನ್ನೂ ಒಟ್ಟಿಗೆ ತಿದ್ದಿದರೆ ಮೀನು ಚೆನ್ನಾಗಬಹುದು, ಯಾವುದರಿಂದ ಚೆನ್ನಾಯಿತೆಂದು ಗೊತ್ತಾಗುವುದಿಲ್ಲ.

ಮರುದಿನ

ಫ್ರಿಜ್ಜಿನಲ್ಲಿಟ್ಟ ಉಳಿಕೆಯ ಸುತ್ತ ಲೋಳೆಯಂತೆ ಏನೋ ಗಟ್ಟಿಯಾಗಿದೆ, ಕೆಟ್ಟಿತೇ ಎಂದು ಕೇಳುವವರಿದ್ದಾರೆ. ಚರ್ಮ ಮತ್ತು ಮುಳ್ಳಿನಿಂದ ಬಿಟ್ಟ ಜೆಲಾಟಿನ್ ಅದು, ಬಿಸಿಯಾದರೆ ಕರಗುತ್ತದೆ. ಬೆರಳಿಗೆ ಎಳೆಎಳೆಯಾಗಿ ಅಂಟಿ, ಹುಳಿ ವಾಸನೆ ಬಂದರೆ ಮಾತ್ರ ಕೆಟ್ಟಿದೆ. ಉಳಿದದ್ದನ್ನು ಇಡೀ ಮೀನಾಗಿ ಎತ್ತಿಡದೆ, ಬಿಸಿಯಿರುವಾಗಲೇ ಮುಳ್ಳಿನಿಂದ ಬಿಡಿಸಿ, ಎರಡು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿಗೆ ಸೇರಿಸಿ. ಮತ್ತೆ ಹಬೆಗೆ ಇಟ್ಟರೆ ಒಣಗುತ್ತದೆ, ಹಳೆಯ ಎಣ್ಣೆಯ ವಾಸನೆಯೂ ಏಳುತ್ತದೆ. ಕುದಿಯುತ್ತಿರುವ ಗಂಜಿಗೋ ತೆಳು ಸೂಪಿಗೋ ಹಾಕಿ ಒಂದು ಕುದಿ ಬರಿಸಿ, ಮೇಲೆ ಹೊಸ ಶುಂಠಿ ಹೆಚ್ಚಿ ಹಾಕಿಕೊಳ್ಳಿ.